ಸುರಂಗದ ನೀರು, ಹೊಳೆಯ ಮೀನು: ನಮ್ಮ ಟ್ಯಾಂಕಿಯಲ್ಲಿ ಮಿಸ್ ಕೇರಳ ಯಾಕೆ ಸಾಯುತ್ತಿದೆ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಅಡೂರು ಸಮೀಪ, ಮುಳ್ಳೇರಿಯದಿಂದ ಒಳಗೆ. ಎರಡೂವರೆ ಎಕರೆ ಅಡಕೆ ತೋಟ. ಮನೆ ಹಿಂದಿನ ಗುಡ್ಡದಲ್ಲಿ ನೀರಿಗಾಗಿ ಅಜ್ಜನ ಕಾಲದಲ್ಲಿ ಕೊರೆದ ಸುರಂಗ ಇದೆ, ಬೇಸಿಗೆಯಲ್ಲೂ ನೀರು ಬತ್ತುವುದಿಲ್ಲ. ಈ ವರ್ಷ ಮೇ ತಿಂಗಳಲ್ಲಿ ಎರಡು ಸಿಮೆಂಟ್ ಟ್ಯಾಂಕಿ ಕಟ್ಟಿಸಿದೆ. ಒಂದು ಅಂಗಳದ ಬದಿಯಲ್ಲಿ ಶೀಟಿನ ಅಡಿಗೆ. ಅದರಲ್ಲಿ ಹೆಂಡತಿ ಗಪ್ಪಿ ಸಾಕುತ್ತಾಳೆ, ಚೆನ್ನಾಗಿವೆ. ಇನ್ನೊಂದು ತೋಟದ ಅಂಚಿನಲ್ಲಿ, ಮೇಲೆ ಮಾಡು (ಸೂರು) ಏನೂ ಇಲ್ಲ. ಎರಡು ಸಲ ನೀರು ತುಂಬಿಸಿ ಚೆಲ್ಲಿ, ಜುಲೈಯಲ್ಲಿ ಅದಕ್ಕೆ 24 ಮಿಸ್ ಕೇರಳ ಮೀನು ಬಿಟ್ಟೆ. ಪಯಸ್ವಿನಿ ಹೊಳೆಯಿಂದ ಹಿಡಿದದ್ದು ಅಂತ ಕೊಟ್ಟವರು ಹೇಳಿದರು. ಹೊಳೆ ಮೀನಲ್ವಾ, ಹೊಸ ನೀರು ಬೇಕು ಅಂತ ದಿನ ಬಿಟ್ಟು ದಿನ ಅರ್ಧ ಟ್ಯಾಂಕಿ ನೀರು ಬದಲಿಸುತ್ತಿದ್ದೆ. ಮೊದಲ 10 ದಿನದಲ್ಲಿ 6 ಸತ್ತವು. ಕೆಲವಕ್ಕೆ ಬಾಯಿಯ ಸುತ್ತ ಬಿಳಿ ಹತ್ತಿಯ ಹಾಗೆ ಇತ್ತು. ಅಡಕೆಗೆ ಎರಡನೇ ಮದ್ದು ಬಿಟ್ಟ ವಾರ ಎರಡೇ ದಿನದಲ್ಲಿ 4 ಹೋದವು. ಆಮೇಲೆ ಒಂದೊಂದೇ. ಈಗ 11 ಉಳಿದಿವೆ. ಇದು ಹೊಳೆಯಲ್ಲಿ ಮಾತ್ರ ಮರಿ ಮಾಡುವ ಮೀನು, ಇಂಜೆಕ್ಷನ್ ಕೊಟ್ಟು ಹುಟ್ಟಿಸಿದರೆ ಮರಿಗಳು ಬಂಜೆ, ಬಣ್ಣವೂ ಬರುವುದಿಲ್ಲ ಅಂತ ಒಬ್ಬರು ಹೇಳಿದರು. ಮರಿ ಮಾಡಿಸಿ ಅರ್ಧ ಮಾರಬೇಕು, ಅರ್ಧ ಪುನಃ ಹೊಳೆಗೆ ಬಿಡಬೇಕು ಅಂತ ನನ್ನ ಆಸೆ. ಕೇಸಾದೀತು ಅಂತ ಮಾವ ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು. 'ಮೀನು ಸಾಯುತ್ತಿದೆ, ಯಾವ ಮದ್ದು ಹಾಕಲಿ' ಅಂತ ಒಂದೇ ಸಾಲು ಬರೆಯುವವರೇ ಜಾಸ್ತಿ. ನಿಮ್ಮ ಪತ್ರದಲ್ಲಿ ಉತ್ತರದ ಮುಕ್ಕಾಲು ಪಾಲು ಆಗಲೇ ಇದೆ. ಒಂದೇ ಸುರಂಗದ ನೀರು, ಒಂದೇ ಮೇಸ್ತ್ರಿ ಕಟ್ಟಿದ ಟ್ಯಾಂಕಿ. ಒಂದರಲ್ಲಿ ಮೀನು ಚೆನ್ನಾಗಿದೆ, ಇನ್ನೊಂದರಲ್ಲಿ ಸಾಯುತ್ತಿದೆ. ಎರಡಕ್ಕೂ ಏನು ವ್ಯತ್ಯಾಸ ಅಂತ ನೋಡಿದರೆ ಸಾಕು.

ಮೊದಲು ಮೀನಿನ ವಿಚಾರ. ಮಿಸ್ ಕೇರಳ ಎಂಬುದು ವ್ಯಾಪಾರದ ಹೆಸರು. ಮಲಯಾಳದಲ್ಲಿ ಚೋರಕ್ಕಣ್ಣಿ, ಅಂದರೆ ನೆತ್ತರುಗಣ್ಣಿನವಳು. ಮೂತಿಯಿಂದ ಕಣ್ಣಿನ ಮೇಲೆ ಹಾದು ಹೋಗುವ ಕೆಂಪು ಗೆರೆ ನೋಡಿದರೆ ಆ ಹೆಸರೇ ಸರಿ ಅನ್ನಿಸುತ್ತದೆ. 1865ರಲ್ಲೇ ವಿಜ್ಞಾನಿಗಳು ಇದನ್ನು ದಾಖಲಿಸಿದ್ದಾರೆ. ಹಿಂದೆ ಪುಂಟಿಯಸ್ ಗುಂಪಿನಲ್ಲಿತ್ತು, 2013ರಿಂದ ಸಹ್ಯಾದ್ರಿಯಾ ಡೆನಿಸೋನಿಯೈ. ಜಗತ್ತಿನಲ್ಲಿ ಪಶ್ಚಿಮ ಘಟ್ಟದ ಕೆಲವು ಹೊಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಸ್ವಾಭಾವಿಕವಾಗಿ ಇಲ್ಲ. ನಿಮ್ಮ ಚಂದ್ರಗಿರಿ, ಅಂದರೆ ಪಯಸ್ವಿನಿ, ಅವುಗಳಲ್ಲಿ ಒಂದು. 1997ರಲ್ಲಿ ಸಿಂಗಾಪುರದ ಅಕ್ವಾರಾಮಾ ಎಂಬ ಅಲಂಕಾರಿಕ ಮೀನುಗಳ ಪ್ರದರ್ಶನದಲ್ಲಿ ಹೊಸ ಮೀನುಗಳ ವಿಭಾಗದಲ್ಲಿ ಮೂರನೇ ಬಹುಮಾನ ಬಂತು. ಅಲ್ಲಿಂದ ಶುರುವಾಯಿತು ಗ್ರಹಚಾರ. 2005ರಿಂದ 2012ರ ನಡುವೆ ಈ ಮೀನು ಮತ್ತು ಚಾಲಕುಡಿ ಹೊಳೆಯ ಇದರ ಸೋದರ ಜಾತಿ ಸೇರಿ 3 ಲಕ್ಷಕ್ಕೂ ಹೆಚ್ಚು ಭಾರತದಿಂದ ಹೊರಗೆ ಹೋಗಿವೆ. ಅದು ಲೆಕ್ಕಕ್ಕೆ ಸಿಕ್ಕಿದ್ದು. ಹಿಡಿಯುವಾಗ, ಸಾಗಿಸುವಾಗ ಸತ್ತದ್ದು ಯಾರ ಪುಸ್ತಕದಲ್ಲೂ ಇಲ್ಲ. ಈಗ ಐಯುಸಿಎನ್ ಎಂಬ ಜಾಗತಿಕ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಇದು ಅಳಿವಿನಂಚಿನ ಜಾತಿ.

ಸರಿ, ನಿಮ್ಮ ಟ್ಯಾಂಕಿಗೆ ಬರುತ್ತೇನೆ.

ಮೊದಲ 10 ದಿನದ 6 ಸಾವು ನಿಮ್ಮ ಕೈಯಲ್ಲಿ ಆದದ್ದು ಅಂತ ಪೂರ್ತಿ ಹೇಳಲಾಗದು. ಹೊಳೆಯಲ್ಲಿ ಬಲೆ ಹಾಕಿ ಹಿಡಿದ ಮೀನು ನಿಮ್ಮ ಮನೆಗೆ ಬರುವಾಗಲೇ ಅರ್ಧ ಸೋತಿರುತ್ತದೆ. ಬಲೆಗೆ ಉಜ್ಜಿ ಪೊರೆ ಉದುರಿರುತ್ತದೆ. ಮೈಮೇಲಿನ ಲೋಳೆ ಹೋಗಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತನ್ನದೇ ಹೊಲಸಿನಲ್ಲಿ ಎಷ್ಟು ಗಂಟೆ ಕುಳಿತಿತ್ತೋ. ಬಾಯಿಯ ಸುತ್ತ ಬಿಳಿ ಹತ್ತಿ ಅಂದಿರಲ್ಲ, ಅದನ್ನು ಎಲ್ಲರೂ ಬೂಸು (ಶಿಲೀಂಧ್ರ) ಅಂದುಕೊಂಡು ನೀಲಿ ಮದ್ದು ಸುರಿಯುತ್ತಾರೆ. ಹೆಚ್ಚಾಗಿ ಅದು ಬೂಸು ಅಲ್ಲ, ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ. ಪೊರೆ ಉದುರಿದ ಜಾಗ, ಬಿಸಿ ನೀರು, ಮೀನಿನ ಕಿಕ್ಕಿರಿತ, ಈ ಮೂರು ಇದ್ದರೆ ಬಂದೇ ಬರುತ್ತದೆ. ಅಂಥ ಮೀನನ್ನು ಬೇರೆ ಪಾತ್ರೆಗೆ ತೆಗೆದು, ಲೀಟರಿಗೆ 2-3 ಗ್ರಾಂ ಕಲ್ಲುಪ್ಪು ಹಾಕಿ, ತಣ್ಣಗಿಟ್ಟು, ಆಹಾರ ಕಡಿಮೆ ಮಾಡಿ, ಗಾಳಿ ಜಾಸ್ತಿ ಕೊಡಿ. ಆಂಟಿಬಯಾಟಿಕ್ ಗುಳಿಗೆ ಪುಡಿ ಮಾಡಿ ಟ್ಯಾಂಕಿಗೆ ಹಾಕುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಆ ನೀರು ಕೊನೆಗೆ ನಿಮ್ಮ ತೋಟಕ್ಕೆ, ತೋಡಿಗೆ ಹೋಗುತ್ತದೆ.

ಆದರೆ ರೋಗಕ್ಕೆ ಬಾಗಿಲು ತೆರೆದದ್ದು ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೊಸ ಸಿಮೆಂಟು ತಿಂಗಳುಗಟ್ಟಲೆ ಸುಣ್ಣ ಬಿಡುತ್ತದೆ. ಎರಡು ಸಲ ನೀರು ತುಂಬಿಸಿ ಚೆಲ್ಲಿದರೆ ಸಾಲದು. ಅಂಥ ಟ್ಯಾಂಕಿಯಲ್ಲಿ ನಿಂತ ನೀರಿನ ಪಿಎಚ್ 9 ದಾಟುವುದು ಸಾಮಾನ್ಯ. ಪಿಎಚ್ ಅಂದರೆ ನೀರಿನ ಹುಳಿ-ಸುಣ್ಣದ ಅಳತೆ: 7 ನಡುವಿನದ್ದು, ಕಡಿಮೆಯಾದರೆ ಹುಳಿ, ಹೆಚ್ಚಾದರೆ ಸುಣ್ಣ. ನಿಮ್ಮ ಸುರಂಗದ ನೀರು ಇದಕ್ಕೆ ತದ್ವಿರುದ್ಧ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದೊಳಗಿಂದ ಸೋಸಿ ಬರುವ ನೀರು ಬಹಳ ಮೆದು, ಸ್ವಲ್ಪ ಹುಳಿ. ನಾನು ಅಳೆದು ನೋಡಿದ ಹೆಚ್ಚಿನ ಸುರಂಗಗಳಲ್ಲಿ ಪಿಎಚ್ 5.5ರಿಂದ 6.5. ಕುಡಿಯಲು ಅಮೃತ. ಆದರೆ ಅದರಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಉಪ್ಪುಗಳು ತೀರಾ ಕಡಿಮೆ. ನೆಲದೊಳಗಿನ ನೀರಾದ್ದರಿಂದ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಆಮ್ಲಜನಕ ಕಡಿಮೆ ಇರುತ್ತದೆ. ನೀವು ದಿನ ಬಿಟ್ಟು ದಿನ ಅರ್ಧ ಟ್ಯಾಂಕಿ ಬದಲಿಸಿದಾಗ ಏನಾಗುತ್ತಿತ್ತು ಅಂದರೆ, ಮೀನು ಬೆಳಗ್ಗೆ ಸುಣ್ಣದ ನೀರಿನಲ್ಲಿ, ಮಧ್ಯಾಹ್ನ ಹುಳಿ ನೀರಿನಲ್ಲಿ. ಎರಡು ದಿನ ಕಳೆದು ಪುನಃ ಸುಣ್ಣಕ್ಕೆ.

ಇದರ ಜೊತೆ ಅಮೋನಿಯಾ. ಮೀನಿನ ಹೊಲಸಿನಿಂದ ಬರುವ ಅಮೋನಿಯಾದಲ್ಲಿ ವಿಷವಾಗುವ ಭಾಗ ಪಿಎಚ್ 7ರಲ್ಲಿ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಪಿಎಚ್ 9ಕ್ಕೆ ಏರಿದರೆ ಅದೇ ನೀರಿನಲ್ಲಿ ಸುಮಾರು ಮೂರನೇ ಒಂದು ಪಾಲು ವಿಷ. ಅಮೋನಿಯಾ ತಿಂದು ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಹೊಸ ಟ್ಯಾಂಕಿಯಲ್ಲಿ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮಲ್ಲಿ ಅವು ನೆಲೆ ನಿಲ್ಲುವ ಮೊದಲೇ ಮೀನು ಬಂದಾಗಿತ್ತು.

ಹಾಗಾದರೆ ಗಪ್ಪಿ ಹೇಗೆ ಬದುಕಿತು? ಗಪ್ಪಿಗೆ ಸ್ವಲ್ಪ ಗಡಸು, ಸುಣ್ಣದ ನೀರೇ ಹಿತ. ಅದು ಟ್ಯಾಂಕಿಯಲ್ಲೇ ಹುಟ್ಟಿ ಬೆಳೆದ ಮೀನು. ಮತ್ತೊಂದು ಮಾತು, ನಿಮ್ಮ ಮನೆಯವರು ಬಹುಶಃ ನಿಮ್ಮಷ್ಟು ಅತಿ ಕಾಳಜಿ ಮಾಡಿ ನೀರು ಬದಲಿಸುತ್ತಿಲ್ಲ. ಅದು ಅವರ ಜಾಣತನ.

ಇನ್ನು ಎರಡನೇ ಮದ್ದು ಬಿಟ್ಟ ವಾರದ 4 ಸಾವು. ಇಲ್ಲಿ ನನಗೆ ಅನುಮಾನವೇ ಇಲ್ಲ. ಅಡಕೆಗೆ ಬಿಡುವ ಮದ್ದು ಬೋರ್ಡೋ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನಲ್ಲಿರುವ ತಾಮ್ರ ಅಡಕೆಯ ಕೊಳೆರೋಗದ ಬೂಸನ್ನು ಕೊಲ್ಲುವ ಹಾಗೆಯೇ ಮೀನಿನ ಕಿವಿರನ್ನೂ ಸುಡುತ್ತದೆ. ಗಡಸು ನೀರಿನಲ್ಲಿ ಸ್ವಲ್ಪ ತಡೆದುಕೊಳ್ಳುತ್ತವೆ. ಸುರಂಗದ ಮೆದು ನೀರಿನಲ್ಲಿ ಲೀಟರಿಗೆ ಮಿಲಿಗ್ರಾಮಿನ ಹತ್ತನೇ ಒಂದು ಪಾಲು ತಾಮ್ರ ಸಿಕ್ಕಿದರೂ ಇಂಥ ಮೀನಿಗೆ ಅಪಾಯ. ಮರದ ತುದಿಗೆ ಬಿಟ್ಟ ಮದ್ದು ಗಾಳಿಗೆ ಹಾರಿ ಬಂದು ಬೀಳುತ್ತದೆ. ಆಮೇಲೆ ಮಳೆ ಬಂದಾಗ ಸೋಗೆಯಿಂದ ತೊಟ್ಟಿಕ್ಕುತ್ತದೆ. ಗಪ್ಪಿ ಟ್ಯಾಂಕಿಯ ಮೇಲೆ ಶೀಟು ಇತ್ತು, ಇದರ ಮೇಲೆ ಆಕಾಶ. ಮದ್ದು ಬಿಡದೆ ಅಡಕೆ ಉಳಿಯುವುದಿಲ್ಲ ಅಂತ ನನಗೂ ಗೊತ್ತು. ಹಾಗಾಗಿ ಮದ್ದು ನಿಲ್ಲಿಸಿ ಅನ್ನುವುದಿಲ್ಲ, ಟ್ಯಾಂಕಿಯನ್ನು ಅಲ್ಲಿಂದ ಏಳಿಸಿ ಅನ್ನುತ್ತೇನೆ. ಅದಾಗದಿದ್ದರೆ ಮಾಡು ಹಾಕಿಸಿ. ಮದ್ದಿನ ಡ್ರಮ್ಮು, ಪೈಪು ತೊಳೆದ ನೀರು ಆ ಕಡೆ ಹರಿಯಲೇಬಾರದು. ಮದ್ದು ಕಲಸಿದ ಬಕೆಟ್ ಎಷ್ಟು ತೊಳೆದರೂ ಮೀನಿನ ಕೆಲಸಕ್ಕೆ ಬೇಡ.

ಈಗ ಸರಿಮಾಡುವ ದಾರಿ. ನಿಮ್ಮ ಹತ್ತಿರ ದುಡ್ಡು ಕೊಟ್ಟರೂ ಸಿಗದ ಒಂದು ವಸ್ತು ಇದೆ: ಗುಡ್ಡದ ಮೇಲಿಂದ ಕರೆಂಟಿಲ್ಲದೆ ಇಳಿದು ಬರುವ ತಣ್ಣನೆಯ ನೀರು. ಅದನ್ನು ಬಕೆಟಿನಲ್ಲಿ ಹೊತ್ತು ಹಾಕುವುದಲ್ಲ, ಸಣ್ಣಗೆ ಸದಾ ಹರಿಸಬೇಕು. ಒಂದು ದೊಡ್ಡ ಬಕೆಟ್ ಅಥವಾ ಹಳೆಯ ಡ್ರಮ್ಮಿನ ಅಡಿಗೆ ತೂತು ಕೊರೆಯಿರಿ. ಒಳಗೆ ತೊಳೆದ ಮರುವಾಯಿ ಚಿಪ್ಪು (ಕಪ್ಪೆಚಿಪ್ಪು) ತುಂಬಿಸಿ. ಟ್ಯಾಂಕಿಯಿಂದ ಎರಡು ಮೂರು ಅಡಿ ಎತ್ತರದಲ್ಲಿಟ್ಟು, ಸುರಂಗದ ಪೈಪನ್ನು ಅದರೊಳಗೆ ಬಿಡಿ. ನೀರು ಚಿಪ್ಪಿನ ನಡುವೆ ಹಾದು ಹನಿಹನಿಯಾಗಿ ಬೀಳುವಾಗ ಕೆಟ್ಟ ಗಾಳಿ ಹೋಗುತ್ತದೆ, ಆಮ್ಲಜನಕ ಸೇರುತ್ತದೆ, ಚಿಪ್ಪಿನ ಸುಣ್ಣ ನಿಧಾನಕ್ಕೆ ಕರಗಿ ಹುಳಿ ಕಡಿಮೆಯಾಗುತ್ತದೆ. ಕೆಲವು ವಾರ ಕಳೆದರೆ ಅದೇ ಚಿಪ್ಪಿನ ಮೇಲೆ ಒಳ್ಳೆಯ ಬ್ಯಾಕ್ಟೀರಿಯಾ ಕೂರುತ್ತವೆ. ಇನ್ನೊಂದು ತುದಿಯಿಂದ ಹೊರಹೋಗುವ ನೀರನ್ನು ಅಡಕೆ ಬುಡಕ್ಕೆ ಬಿಡಿ. ಮಳೆಗಾಲದಲ್ಲಿ ತಂತಿಗೆ ಮರ ಬಿದ್ದು ಎರಡು ದಿನ ಕರೆಂಟು ಹೋದರೂ ನಿಮ್ಮ ಮೀನಿಗೆ ಉಸಿರು ಕಟ್ಟುವುದಿಲ್ಲ. ಒಂದು ಜೂನ್ ರಾತ್ರಿ ಕರೆಂಟು ಹೋಗಿ 200ರಷ್ಟು ಮರಿ ಬೆಳಗಾಗುವುದರೊಳಗೆ ಸತ್ತು ತೇಲಿದ್ದನ್ನು ನೋಡಿದ ಮೇಲೆ ನಾನು ಗಾಳಿಯ ಮೋಟರನ್ನೇ ನಂಬಿ ಕೂರುವುದನ್ನು ಬಿಟ್ಟೆ.

ಅದಕ್ಕೂ ಮೊದಲು 11 ಮೀನುಗಳನ್ನು ಹಳೆಯ ಪ್ಲಾಸ್ಟಿಕ್ ಅಥವಾ ಫೈಬರ್ ಟ್ಯಾಂಕಿಗೆ ಸ್ಥಳಾಂತರಿಸಿ, ಸಿಮೆಂಟ್ ಟ್ಯಾಂಕಿ ತೊಳೆಯಬೇಕು. ನೀರು ತುಂಬಿಸಿ, ಬಾಳೆದಿಂಡು ಕೊಚ್ಚಿ ಹಾಕಿ ಎರಡು ವಾರ ಕೊಳೆಯಲು ಬಿಡಿ. ಚೆಲ್ಲಿ, ಬ್ರಶ್ ಹಾಕಿ ಉಜ್ಜಿ ಪುನಃ ತುಂಬಿಸಿ. ಬರೀ ನೀರು ನಿಲ್ಲಿಸಿ ಮೂರು ದಿನ ಕಳೆದರೂ ಪಿಎಚ್ 8 ದಾಟದಿದ್ದರೆ ಟ್ಯಾಂಕಿ ತಯಾರು. ಪಿಎಚ್ ನೋಡುವ ಸಣ್ಣ ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಮೇಲೆ ಬಲೆ ಕಟ್ಟಲು ಮರೆಯಬೇಡಿ, ಈ ಮೀನು ಹಾರುತ್ತದೆ. ನೀರು 22ರಿಂದ 26 ಡಿಗ್ರಿಯೊಳಗೆ ಇದ್ದರೆ ಸಂತೋಷ. ಏಪ್ರಿಲ್-ಮೇಯಲ್ಲಿ ಸೋಗೆ ಹೊದೆಸಿದರೂ ಆದೀತು.

ಮರಿ ಮಾಡಿಸುವ ಮಾತಿಗೆ ಬಂದರೆ, ಹೊಳೆಯಲ್ಲಿ ಮಾತ್ರ ಮರಿಯಾಗುತ್ತದೆ ಎಂಬುದು ಸುಳ್ಳು. ಕೊಚ್ಚಿ ಬಳಿಯ ಪನಂಗಾಡಿನ ಮೀನುಗಾರಿಕಾ ಕಾಲೇಜಿನಲ್ಲಿ ಇದನ್ನು ಮರಿ ಮಾಡಿಸುವ ವಿಧಾನವನ್ನು ಎಂದೋ ರೂಪಿಸಿದ್ದಾರೆ. ಇಂಡೋನೇಷ್ಯಾ ಕಡೆ ಈಗ ವ್ಯಾಪಾರಕ್ಕೇ ಬೆಳೆಸುತ್ತಾರೆ. ನಮ್ಮ ಹೊಳೆಯ ಮೀನು ಅಲ್ಲಿ ಚಿನ್ನದ ಬಣ್ಣದ ತಳಿಯಾಗಿ ತಿರುಗಿ ನಮ್ಮ ಅಂಗಡಿಗೇ ಬರುತ್ತದೆ, ಹೇಗಿದೆ ನೋಡಿ!

ಇಂಜೆಕ್ಷನ್ನಿನ ವಿಷಯದಲ್ಲಿ ಜನ ಎರಡು ಬೇರೆ ಸಂಗತಿಗಳನ್ನು ಕಲಸಿಬಿಟ್ಟಿದ್ದಾರೆ. ಓವಾಪ್ರಿಮ್‌ನಂಥ ಹಾರ್ಮೋನು ಮದ್ದನ್ನು ತಾಯಿ-ತಂದೆ ಮೀನಿಗೆ ಕೊಡುವುದು 'ಈಗ ಮೊಟ್ಟೆ ಬಿಡು' ಎಂಬ ಸೂಚನೆಯಾಗಿ ಮಾತ್ರ. ಕಟ್ಲಾ, ರೋಹು ಮರಿಗಳೂ ಹೀಗೇ ಹುಟ್ಟುತ್ತವೆ, ಅವು ಬಂಜೆಯಲ್ಲ. ಬಣ್ಣ ಬೇಗ ಬರಲಿ ಅಂತ ಮರಿಗಳ ಆಹಾರಕ್ಕೆ ಗಂಡು ಹಾರ್ಮೋನು ಬೆರೆಸುವ ದುರಾಸೆಯೂ ಈ ಧಂದೆಯಲ್ಲಿದೆ. ಅಂಥ ಮೀನು ಮುಂದೆ ಮರಿ ಮಾಡುವುದರಲ್ಲಿ ತೊಂದರೆ ನಿಜ. ಬಂಜೆ ಎಂಬ ಮಾತು ಅಲ್ಲಿಂದ ಬಂದಿರಬೇಕು. ಕೆಂಪು ಗೆರೆಯಂತೂ ಆಹಾರದ ಮೇಲೆ ನಿಂತಿದೆ. ಸಿಗಡಿ ತಲೆಯನ್ನು ಒಣಗಿಸಿ ಪುಡಿ ಮಾಡಿ, ಸ್ಪಿರುಲಿನಾ ಸೇರಿಸಿ ಕೊಡಿ. ಟ್ಯಾಂಕಿಯ ಅಡಿ ಕಪ್ಪಗಿರಲಿ. ಎರಡು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಆದರೆ ಸುಲಭದ ಮೀನಲ್ಲ. ಗಂಡು ಹೆಣ್ಣು ಗುರುತಿಸುವುದೇ ಕಷ್ಟ, ಹೊಟ್ಟೆ ತುಂಬಿಕೊಂಡಾಗ ಹೆಣ್ಣು ಸ್ವಲ್ಪ ದಪ್ಪ ಕಾಣುತ್ತದೆ, ಅಷ್ಟೆ. ಒಂದು ತಾಯಿ ಇಡುವ ಮೊಟ್ಟೆ ಕೆಲವು ನೂರರಿಂದ ಸಾವಿರದ ಆಸುಪಾಸು. ರೋಹುವಿನ ಲಕ್ಷಗಳ ಲೆಕ್ಕ ಇಲ್ಲಿಲ್ಲ. 20-30 ಗ್ರಾಂ ತೂಕದ ಮೀನಿಗೆ ಹನಿಯ ಒಂದು ಪಾಲು ಮದ್ದನ್ನು ಇನ್ಸುಲಿನ್ ಸಿರಿಂಜಿನಲ್ಲಿ ಕೊಡಬೇಕು. ಕೈ ನಡುಗಿದರೆ ತಾಯಿ ಹೋಯಿತು. ಮರಿ ಹೊರಬಂದ ಮೇಲೆ ಬಾಳೆಹಣ್ಣಿನ ಸಿಪ್ಪೆ ಕೊಳೆಸಿ ಬೆಳೆಸಿದ ಸೂಕ್ಷ್ಮಜೀವಿಗಳ ನೀರು, ಆಮೇಲೆ ಉಪ್ಪುನೀರಿನಲ್ಲಿ ಒಂದು ದಿನಕ್ಕೆ ಮೊಟ್ಟೆ ಒಡೆಯುವ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯಂಥ ಜೀವಿ. ದಿನಕ್ಕೆ ನಾಲ್ಕೈದು ಸಲ. ಅಡಕೆ ಕೊಯ್ಲಿನ ಸಮಯದಲ್ಲಿ ಇದು ನಿಮ್ಮಿಂದಾಗುತ್ತದೆಯೇ ಅಂತ ಮನೆಯಲ್ಲಿ ಕೂತು ಮಾತಾಡಿ. ಯಾಕೆಂದರೆ ಈ ಮೀನು ಹೊಳೆಯಲ್ಲಿ ಮೊಟ್ಟೆ ಇಡುವ ಕಾಲ ಅಕ್ಟೋಬರಿನಿಂದ ಮಾರ್ಚ್. ಎರಡೂ ಒಟ್ಟಿಗೇ ಬರುತ್ತವೆ.

ಈ ತಿಂಗಳ ಲೆಕ್ಕದಲ್ಲಿ ಇನ್ನೊಂದು ಕತೆ ಇದೆ. 2008ರಲ್ಲಿ ಕೇರಳ ಸರಕಾರ ಈ ಮೀನು ಹಿಡಿಯುವುದಕ್ಕೆ ಕಟ್ಟುಪಾಡು ತಂದು ಜೂನ್, ಜುಲೈ ಮತ್ತು ಅಕ್ಟೋಬರಿನಲ್ಲಿ ಹಿಡಿಯಬಾರದು ಅಂದಿತು. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುತ್ತದೆ ಎಂಬ ಸಾಮಾನ್ಯ ಲೆಕ್ಕ ಅದು. ಆಮೇಲೆ ನಿಮ್ಮ ಚಂದ್ರಗಿರಿಯೂ ಸೇರಿ ಕೆಲವು ಹೊಳೆಗಳಲ್ಲಿ ಅಧ್ಯಯನ ಮಾಡಿದಾಗ ಮೊಟ್ಟೆಯ ಕಾಲ ಬೇರೆಯೇ ಅಂತ ಗೊತ್ತಾಯಿತು. ಅಂದರೆ ಮೀನು ಹೊಟ್ಟೆ ತುಂಬ ಮೊಟ್ಟೆ ಹೊತ್ತಿರುವ ಹೆಚ್ಚಿನ ತಿಂಗಳುಗಳಲ್ಲೇ ಬಲೆಗೆ ದಾರಿ ಸಲೀಸು.

ಕೇಸಿನ ವಿಷಯದಲ್ಲಿ ಮಾವನವರ ಹೆದರಿಕೆ ಸುಮ್ನೆ ಅಲ್ಲ. ಕಾಡಿನೊಳಗೆ ಅನುಮತಿ ಇಲ್ಲದೆ ಮೀನು ಹಿಡಿಯುವುದು ಅಪರಾಧ. 2022ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುವಾಗ ಈ ಮೀನಿನ ಹೆಸರೂ ಚರ್ಚೆಗೆ ಬಂದಿತ್ತು. ನಿಮಗೆ ಮಾರಿದವರು ರಶೀದಿ ಕೊಟ್ಟಿಲ್ಲ ಅಂತ ಕಾಣುತ್ತದೆ. ಜಿಲ್ಲೆಯ ಮೀನುಗಾರಿಕಾ ಇಲಾಖೆ ಕಚೇರಿಗೆ ಹೋಗಿ, ಇರುವ ವಿಷಯ ಹೇಳಿ, ಮೀನು ಸಾಕಣೆ ಘಟಕವಾಗಿ ನೋಂದಣಿ ಮಾಡಿಸಿಕೊಳ್ಳಿ. ಮುಚ್ಚಿಡುವುದಕ್ಕಿಂತ ಅದು ಕ್ಷೇಮ. ಕೇಂದ್ರ ಸರಕಾರದ ಮತ್ಸ್ಯಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ಇಟ್ಟು, ಸಾಮಾನ್ಯರಿಗೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60 ಸಹಾಯಧನ ಇಟ್ಟಿದ್ದರು. ಅರ್ಜಿ ಈಗ ತೆಗೆದುಕೊಳ್ಳುತ್ತಾರೆಯೇ ಅಂತ ಅಲ್ಲೇ ಕೇಳಿ. ನಿಮ್ಮ ಮನೆಯಲ್ಲಿ ಮೀನು ಚೆನ್ನಾಗಿ ಸಾಕುವವರು ಯಾರು ಅಂತ ನೋಡಿದರೆ ಅರ್ಜಿ ಯಾರ ಹೆಸರಿನಲ್ಲಿರಬೇಕು ಅಂತ ನಾನು ಹೇಳಬೇಕಾಗಿಲ್ಲ.

ಅರ್ಧ ಮರಿ ಹೊಳೆಗೆ ಬಿಡುವ ಆಸೆ ಒಳ್ಳೆಯ ಮನಸ್ಸಿನದ್ದು. ಆದರೂ ಬೇಡ. ಟ್ಯಾಂಕಿಯಲ್ಲಿ ಗಪ್ಪಿಯ ಬದಿಯಲ್ಲಿ ಬೆಳೆದ ಮೀನು ಹೊಳೆಗೆ ಹೋಗುವಾಗ ಹುಳ, ರೋಗ ಹೊತ್ತುಕೊಂಡೇ ಹೋಗುತ್ತದೆ. ಎರಡನೆಯದು ತಳಿ. ಉತ್ತರದ ಹೊಳೆಗಳ ಮಿಸ್ ಕೇರಳವೂ ದಕ್ಷಿಣದ ಹೊಳೆಗಳದ್ದೂ ನೋಡಲು ಒಂದೇ ಆದರೂ ವಂಶದಲ್ಲಿ ಬೇರೆ ಬೇರೆ ಅಂತ ಪರೀಕ್ಷೆಗಳು ತೋರಿಸಿವೆ. ಪಯಸ್ವಿನಿಯದ್ದು ಅಂತ ಮಾರಿದ ಮೀನು ಯಾವ ಹೊಳೆಯದ್ದೋ ಯಾರಿಗೆ ಗೊತ್ತು? ನಾಳೆ ಬೇರೆ ಕಡೆಯಿಂದ ಮರಿ ತಂದು ಸೇರಿಸಿದರೆ ಕಲಬೆರಕೆ ಇನ್ನೂ ಜಾಸ್ತಿ. ಹೊಳೆಗೆ ಬಿಡುವುದಿದ್ದರೆ ಅದೇ ಹೊಳೆಯ ತಾಯಿ ಮೀನಿನಿಂದ, ತಳಿ ಪರೀಕ್ಷೆ ಮಾಡಿಸಿ, ಸರಕಾರಿ ಸಂಸ್ಥೆಯವರೇ ಬಿಡಬೇಕು. 2018ರ ನೆರೆಯ ನಂತರ ಕೇರಳದ ಹೊಳೆಗಳಲ್ಲಿ ಅಮೆಜಾನಿನ ಅರಪೈಮಾ ಸಿಕ್ಕಿದ್ದು ನೆನಪಿರಬಹುದು. ಸಾಕಿದ ಮೀನು ಹೊಳೆ ಸೇರಿದರೆ ವಾಪಸು ಕರೆಯಲಾಗುವುದಿಲ್ಲ. ಅದಕ್ಕೇ ನಿಮ್ಮ ಟ್ಯಾಂಕಿಯ ಹೊರಹರಿವಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ನೀರು ತೋಟದಲ್ಲೇ ಇಂಗುವ ಹಾಗೆ ಮಾಡಿ. ಗಪ್ಪಿ ತೋಡು ಸೇರಬಾರದು.

ನಿಮ್ಮ ಸಾಕಣೆಯಿಂದ ಹೊಳೆಗೆ ಉಪಕಾರ ಆಗುವುದು ಬೇರೆ ರೀತಿಯಲ್ಲಿ. ಟ್ಯಾಂಕಿಯ ಮರಿ ಕಡಿಮೆ ದುಡ್ಡಿಗೆ, ಸಾಯದೆ, ರಶೀದಿಯ ಜೊತೆ ಸಿಕ್ಕಿದರೆ ಹೊಳೆಯ ಮೀನನ್ನು ಕೇಳುವವರು ಇರುವುದಿಲ್ಲ. ನೀವೇ ಪ್ರತಿವರ್ಷ ಹೊಳೆಯಿಂದ ಹೊಸ ತಾಯಿ ಮೀನು ತರಿಸಿಕೊಂಡರೆ ಆ ಲೆಕ್ಕ ತಲೆಕೆಳಗಾಯಿತು. ಹೊಳೆಯ ಮೀನು ಉಳಿಯಲು ಬೇಸಿಗೆಯಲ್ಲಿ ಗುಂಡಿಗಳಲ್ಲಿ ನೀರಿರಬೇಕು, ಮೀನು ಹಿಡಿಯಲು ಯಾರೂ ವಿಷದ ಕಾರೆಕಾಯಿ, ಬ್ಲೀಚಿಂಗ್ ಪುಡಿ, ತೋಟೆ (ಸಿಡಿಮದ್ದು) ಹಾಕಬಾರದು. ನಿಮ್ಮ ಜಿಲ್ಲೆಯ ಏತಡ್ಕ ಊರಿನವರು ತೋಡಿಗೆ ಸಾಲಾಗಿ ಕಟ್ಟ (ಸಣ್ಣ ಒಡ್ಡು) ಹಾಕಿ ನೀರು ನಿಲ್ಲಿಸುವುದನ್ನು ನೋಡಿರಬಹುದು. ಪಯಸ್ವಿನಿಯ ಮೇಲಿನ ಕಡೆ, ತೊಡಿಕಾನದ ಮತ್ಸ್ಯತೀರ್ಥದಲ್ಲಿ ಮೀನಿಗೆ ಯಾರೂ ಕೈ ಹಾಕುವುದಿಲ್ಲ. ದೇವರ ಮೀನು ಅನ್ನುವ ಒಂದೇ ಮಾತು ಅಲ್ಲಿ ಯಾವ ಕಾನೂನಿಗಿಂತ ಚೆನ್ನಾಗಿ ಕೆಲಸ ಮಾಡಿದೆ.

ನಿಮ್ಮ ಮುಂದೆ ಈಗ ಮೂರು ದಾರಿ ಇವೆ. ಇರುವ 11 ಮೀನಿಗೇ ಈ ಚಳಿಗಾಲ ಇಂಜೆಕ್ಷನ್ ಕೊಡುವುದು ಒಂದು. ನಾನು ಒಪ್ಪುವುದಿಲ್ಲ. ಇಷ್ಟು ಪೆಟ್ಟು ತಿಂದ ಮೀನು ಮೊಟ್ಟೆ ಕೊಡುವುದಕ್ಕಿಂತ ಸಾಯುವ ಸಂಭವ ಜಾಸ್ತಿ. ಒಂದು ವರ್ಷ ಸುಮ್ಮನೆ ಚೆನ್ನಾಗಿ ಸಾಕಿ. ಹೊಳೆಗೆ ವಾಪಸು ಬಿಡಲೂ ಬೇಡ. ಎರಡನೆಯದು, ರಶೀದಿ ಕೊಡುವ ಹ್ಯಾಚರಿಯಿಂದ ಎರಡು ಇಂಚಿನ 40-50 ಮರಿ ತಂದು, ಒಂದು ತಿಂಗಳು ಪ್ರತ್ಯೇಕ ಇಟ್ಟು, ನಿಮ್ಮದೇ ತಾಯಿ ಮೀನುಗಳಾಗಿ ಬೆಳೆಸುವುದು. ಒಂದೂವರೆ ವರ್ಷ ಆದಾಯ ಇಲ್ಲ, ಖರ್ಚು ಮಾತ್ರ. ಮೂರನೆಯದು, ಸುಲಭದ ನಾಡಮೀನಿನಲ್ಲಿ ಕೈ ಪಳಗಿಸುವುದು. ಕರಿಮೀನಿನ ಚಿಕ್ಕ ತಂಗಿಯಂತಿರುವ ಕಿತ್ತಳೆ ಬಣ್ಣದ ಪಳ್ಳತ್ತಿ ಇದೆಯಲ್ಲ, ಅದು ತಾನೇ ಜೋಡಿ ಕಟ್ಟಿ, ಹಂಚಿನ ಚೂರಿನ ಮೇಲೆ ಮೊಟ್ಟೆ ಇಟ್ಟು, ಅಪ್ಪ ಅಮ್ಮ ಇಬ್ಬರೂ ಕಾವಲು ಕಾಯುತ್ತವೆ. ಇಂಜೆಕ್ಷನ್ ಬೇಡ. ಗಲಾಟೆ ಮಾಡಿದರೆ ಮೊಟ್ಟೆ ತಾವೇ ತಿಂದುಬಿಡುತ್ತವೆ, ಅಷ್ಟೇ ಅಪಾಯ. ನಾನಾದರೆ ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಮಾಡುತ್ತೇನೆ. ಖರ್ಚು ಗಪ್ಪಿಯಿಂದ ಹುಟ್ಟುತ್ತದೆ. ಇಂಜೆಕ್ಷನ್ ಕೊಡುವುದನ್ನು ಕೈಯಾರೆ ಕಲಿಯಲು ಮಂಗಳೂರಿನ ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ವಿಚಾರಿಸಿ. ನಿಮಗೆ ಭಾಷೆಯೂ ಹತ್ತಿರ, ದಾರಿಯೂ ಹತ್ತಿರ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಸುರಂಗದ ಬಾಯಿಯ ನೀರು, ಗಪ್ಪಿ ಟ್ಯಾಂಕಿ, ಮಿಸ್ ಕೇರಳ ಟ್ಯಾಂಕಿ, ಈ ಮೂರರ ಪಿಎಚ್ ಬೆಳಗ್ಗೆ 6ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ ಒಂದು ವಾರ ಬರೆದಿಡಿ. ಆ ಚೀಟಿ ಕಳುಹಿಸಿ. ಡ್ರಮ್ಮಿಗೆ ಎಷ್ಟು ಮರುವಾಯಿ ಚಿಪ್ಪು ಹಾಕಬೇಕು ಅಂತ ಆಗ ಹೇಳುತ್ತೇನೆ.